‘ಬ್ಯಾಡ’ ಅಂದವನ ನೀಹಾರಿಕೆ

ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನಲ್ಲಿ ‘ಬ್ಯಾಡ’ ಎಂಬ ಮಾತಿಗೆ ಕವಡೆಯ ಕಿಮ್ಮತ್ತಿಲ್ಲ. ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದವನ ತಾಟಿಗೇ ಎರಡು ಹೋಳಿಗೆ ಹೆಚ್ಚು ಬೀಳುತ್ತವೆ. ಮೊದಲು ಬ್ಯಾಡ ಅನ್ನಬೇಕು, ಆಮೇಲೆ ಒತ್ತಾಯಕ್ಕೆ ಬಾಗಬೇಕು, ಅದು ಮರ್ಯಾದೆ. ಬಸವಕಲ್ಯಾಣದಿಂದ ಸೊಸೆಯಾಗಿ ಬಂದ ವರ್ಷಾಳಿಗೆ ಮಾತ್ರ ಇದು ತಲೆಗೆ ಹತ್ತಿರಲಿಲ್ಲ. ಪಕ್ಕದ ಮನೆಯ ಜಗದೇವಿ "ಚಹಾ ಬ್ಯಾಡವ್ವ" ಅಂದದ್ದನ್ನು ನಂಬಿ ಆಕೆ ಒಲೆಯನ್ನೇ ಹಚ್ಚಿರಲಿಲ್ಲ. ಓಣಿ ಅದನ್ನಿನ್ನೂ ಮರೆತಿಲ್ಲ.

ಆಕೆಯ ಗಂಡ ಅಜೀತನದು ಹುಮನಾಬಾದಿನಲ್ಲಿ ಫೋಟೊ ಸ್ಟುಡಿಯೊ. ಮದುವೆಗಳ ಥಳಕು ಸಾಕಾಗಿ ನೀಹಾರಿಕೆಯ ಫೋಟೊ ತೆಗೆಯಲು ಕಪ್ಪು-ಬಿಳುಪು ಕ್ಯಾಮೆರಾ ತರಿಸಿದ್ದ. ಜಲಜನಕ, ಆಮ್ಲಜನಕ, ಗಂಧಕ, ಇವುಗಳಲ್ಲಿ ಒಂದೊಂದರ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್ ಹಾಕಿ ಮೂರು ಚಿತ್ರ ತೆಗೆದು, ಒಂದೊಂದಕ್ಕೆ ಒಂದು ಬಣ್ಣ ಕೊಟ್ಟು ಕೂಡಿಸಬೇಕು.

"ಜಗತ್ತೇ ಕಲರ್ ಆಗ್ಯಾದ, ನೀವು ಬ್ಲ್ಯಾಕ್ ಅಂಡ್ ವೈಟ್ ತಂದೀರಿ," ಎಂದಿದ್ದಳು ವರ್ಷಾ. "ಇವತ್ತ ಬಣ್ಣದ ಫೋಟೊ ತೋರಸ್ರಿ. ಇಲ್ಲಾಂದ್ರ ನಾಳಿ ಅದು ಅಂಗಡಿಗಿ ವಾಪಸ್. ಗಡುವು ನಾಳಿಗೇ ಮುಗೀತದ."

ಎರಡು ಚಿತ್ರ ಆಗಿದ್ದವು. ಗಂಧಕವೊಂದು ಬಾಕಿ.

ಕತ್ತಲಾಗುತ್ತಲೇ ಅಜೀತ ಮಾಳಿಗೆಯ ಮೇಲೆ ದುರ್ಬೀನು ನಿಲ್ಲಿಸಿದ. ನಕ್ಷತ್ರದ ಹಿಂದೆ ಅದನ್ನು ತಿರುಗಿಸುವ ಮೋಟಾರಿಗೆ ಮನೆಯ ಕರೆಂಟಿನ ವೈರು ಎಳೆದ. ಕ್ಯಾಮೆರಾ ಕೆಲಸ ಶುರುಮಾಡಿತು. ಅಷ್ಟರಲ್ಲಿ ಎದುರುಮನೆಯ ತುಳಜಾರಾಮ, ಪರೋಪಕಾರಕ್ಕೆಂದೇ ಹುಟ್ಟಿದವರು, ಕೆಳಗಿನಿಂದ ಕೂಗಿದರು.

"ಬೀದಿ ಲೈಟ್ ಅಡ್ಡ ಬರ್ತದಲ್ಲೋ ಅಜೀತ! ಆರಸ್ತೀನಿ ತಡಿ."

"ಬ್ಯಾಡ್ರಿ ಕಾಕಾ! ಈ ಫಿಲ್ಟರ್‌ದಾಗ ಆ ಬೆಳಕು ಹಾಯಂಗಿಲ್ಲ. ಉರೀಲಿ ಬಿಡ್ರಿ."

ತುಳಜಾರಾಮ ನಕ್ಕರು. ಹುಡುಗ ಸಂಕೋಚದವನು. ಬೀದಿ ದೀಪ ಆರಿತು.

"ಕಾಕಾ, ಖರೇನೇ ಬ್ಯಾಡ್ರಿ!"

"ಪಾಪ, ಎಷ್ಟ್ ನಾಚ್ಕೋತಾನ," ಎಂದು ಜಗದೇವಿ ತನ್ನ ಮನೆಯ ದೀಪಗಳನ್ನೂ ಆರಿಸಿದಳು. ಅವಳನ್ನು ನೋಡಿ ಇಡೀ ಓಣಿ ಆರಿಸಿತು. ಕತ್ತಲಲ್ಲಿ ಯಾರೋ ಕೊಡಪಾನ ಎಡವಿದರು.

ಅಜೀತ ಮಾಳಿಗೆಯ ಅಂಚಿಗೆ ಬಂದು ಕೈಮುಗಿದ. "ನಿಮ್ಮ ಕಾಲಿಗಿ ಬೀಳ್ತೀನಿ, ಏನೂ ಮಾಡಬ್ಯಾಡ್ರಿ!"

"ನೋಡ್ರಿ, ಏನ್ ಸಂಸ್ಕಾರ!" ತುಳಜಾರಾಮರ ಕಣ್ಣು ತುಂಬಿ ಬಂತು. ಕಾಲಿಗೆ ಬೀಳುತ್ತೇನೆಂದವನಿಗೆ ಬರೀ ಓಣಿಯ ಕತ್ತಲು ಸಾಕೇ? ಲೈನ್‌ಮನ್ ಆಗಿದ್ದ ಅಳಿಯನಿಗೆ ಫೋನು ಹೋಯಿತು. ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತು ಬಂತು. ಊರಿಗೂರೇ ಕತ್ತಲಾಯಿತು, ಅಜೀತನ ಮೋಟಾರೂ ನಿಂತಿತು. ಹೃದಯದ ಆಕಾರದ ನೀಹಾರಿಕೆ ಬರಬೇಕಾದ ಚಿತ್ರದಲ್ಲಿ ನಕ್ಷತ್ರಗಳು ಕಸಬರಿಗೆಯ ಕಡ್ಡಿಗಳಂತೆ ಉದ್ದಕ್ಕೆ ಎಳೆದುಕೊಂಡಿದ್ದವು.

ವರ್ಷಾ ಟಾರ್ಚ್ ಹಿಡಿದು ಮೇಲೆ ಬಂದಳು. ಫೋಟೊ ನೋಡಿದಳು, ಕತ್ತಲಲ್ಲಿ ಕೂತ ಊರನ್ನೂ ನೋಡಿದಳು. ಯಾಕೋ ಆಕೆಯ ಮನಸ್ಸು ಕರಗಿತು.

"ನಿಮ್ಮ ಸಲುವಾಗಿ ಊರೇ ಕತ್ತಲದಾಗ ಕೂತದ. ಇರ್ಲಿ ಬಿಡ್ರಿ, ಕ್ಯಾಮೆರಾ ಇಟ್ಕೋರಿ."

ಅಜೀತನ ಜೀವ ಕುಣಿದಾಡಿತು. ಆದರೆ ಒಮ್ಮೆಲೇ ಹೂಂ ಅನ್ನಲು ಆತನೇನು ಮರ್ಯಾದೆಗೆಟ್ಟವನೇ? ತಲೆ ತಗ್ಗಿಸಿ ಮೆತ್ತಗೆ ಹೇಳಿದ: "ಬ್ಯಾಡ ವರ್ಷಾ. ವಾಪಸ್ ಕಳಿಸೂಣು." ಹೇಳಿ, ಒತ್ತಾಯಕ್ಕಾಗಿ ಕಾದ.

"ಅಬ್ಬಾ, ಬುದ್ಧಿ ಬಂತು ನಿಮಗ!" ಎಂದು ವರ್ಷಾ ಖುಷಿಯಿಂದ ಕ್ಯಾಮೆರಾ ಬಿಚ್ಚಿ ಡಬ್ಬಿಗೆ ಹಾಕಿ, ಟಾರ್ಚ್ ಬೆಳಕಿನಲ್ಲೇ ಟೇಪು ಸುತ್ತಿದಳು.

ಕೆಳಗಿನಿಂದ ತುಳಜಾರಾಮರ ದನಿ ಬಂತು: "ನಾಳಿನೂ ಕರೆಂಟ್ ತೆಗಸ್ಲೇನಪ್ಪಾ?"

‘ಬ್ಯಾಡ’ ಅನ್ನಲು ತೆರೆದ ಬಾಯನ್ನು ಅಜೀತ ಮುಚ್ಚಿದ. ಕಲಿತ ಪಾಠ ಸಾಕಿತ್ತು. "ಹೂಂ ಕಾಕಾ, ತೆಗಸ್ರಿ!"



"ಕೇಳಿದ್ರೇನು? ಕೇಳೂದೇ ತಡ, ಹೂಂ ಅಂತಾನ!" ತುಳಜಾರಾಮ ಓಣಿಗೆಲ್ಲ ಕೇಳುವಂತೆ ಹೇಳಿದರು. "ಒಂಚೂರರೆ ನಾಚಿಕಿ ಬ್ಯಾಡೇನು?"