ಎಡಗಡೆಯ ಕುರ್ಚಿ

ವಶೀಲಿ ಹಚ್ಚಲು ಬರುವವರಿಗೆಂದೇ ಕಚೇರಿಯಲ್ಲಿ ಪ್ರತ್ಯೇಕ ಕುರ್ಚಿ ಇಟ್ಟಿರುವ ಅಧಿಕಾರಿ ರಾಜ್ಯದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ.

ಮಾವ ಮೊದಲು ಸೈನಿಕರು. ಬೆಟ್ಟದ ಮೇಲಿನ ಯುದ್ಧದಲ್ಲಿ ಪಕ್ಕದಲ್ಲೇ ಶೆಲ್ ಸಿಡಿದು ಎಡಗಿವಿ ಮುಕ್ಕಾಲು ಪಾಲು ಕಿವುಡಾಯಿತು. ಆಮೇಲೆ ಮಾಜಿ ಸೈನಿಕರ ಕೋಟಾದಲ್ಲಿ ಕಂದಾಯ ಇಲಾಖೆ ಸೇರಿ, ಲಿಂಗಸುಗೂರಿನಲ್ಲಿ ಗುಮಾಸ್ತರಾಗಿದ್ದು, ಈಗ ಮಸ್ಕಿಯಲ್ಲಿ ಶಿರಸ್ತೇದಾರರು. ಸೈನ್ಯದಿಂದ ಅವರು ತಂದದ್ದು ಎರಡೇ: ಆ ಕಿವಿ ಮತ್ತು ಚಹಾದ ಹುಚ್ಚು. ಚಹಾ ಕೊಟ್ಟಾಗ ಅವರು ಬೇಡ ಎಂದದ್ದನ್ನು ಯಾರೂ ಕಂಡಿಲ್ಲ. ಜ್ವರ ಬಂದಾಗಲೂ ಇಲ್ಲ.

ಅವರ ಮೇಜಿನ ಬಲಕ್ಕೊಂದು ಕುರ್ಚಿ, ಎಡಕ್ಕೊಂದು. ಪಿಂಚಣಿ ಕೇಳಲು ಬರುವ ಅಜ್ಜಿಯರು ಬಲಕ್ಕೆ. "ದೊಡ್ಡವರು ಹೇಳಿ ಕಳಿಸ್ಯಾರ್ರೀ" ಎನ್ನುವವರು ಎಡಕ್ಕೆ. ಒಮ್ಮೆ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಎಡಕ್ಕೆ ಕುಳಿತು ಅರ್ಧ ತಾಸು ಪಿಸುಗುಟ್ಟಿದರು. ಮಾವ ನಗುತ್ತ ತಲೆಯಾಡಿಸಿ ಕೊನೆಗೆ ಕೇಳಿದರು: "ಅದಿರಲಿ ಸಾವಕಾರ್ರ, ನೀವು ಬಂದಿದ್ದು ಯಾಕ?"

"ಬಲಗಡೆ ಬರ್ಲೇನ್ರೀ?"

"ಅದು ವಯಸ್ಸಾದವರಿಗೆ. ನಿಮಗಿನ್ನೂ ಭಾಳ ಆಯುಷ್ಯ ಐತಿ."

ಸಿಂಧನೂರಿನ ಮನೆಯಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲೂ ಇದೇ ವ್ಯೂಹ. ಬಲಗಡೆಯ ಕಿಟಕಿ ಹಿಡಿದರೆ ಪಕ್ಕದವರ ಮಾತೆಲ್ಲ ಎಡಗಿವಿಯ ಪಾಲು. ಗೊರೇಬಾಳದ ಮಾಸ್ತರರೊಬ್ಬರು ವರ್ಷವಿಡೀ ಮಗಳಿಗೆ ವರ ಹುಡುಕುವ ಕಷ್ಟ ಹೇಳಿಕೊಂಡು ಬಂದರು. ಕೊನೆಗೆ ಲಗ್ನಪತ್ರಿಕೆ ಕೊಟ್ಟಾಗ ಮಾವ ಕೇಳಿದ್ದು: "ನಿಮಗ ಮಗಳು ಅದಾಳೇನ್ರೀ?"

ಕಡೆಗೆ ಸಾಹುಕಾರರೇ ತಾಳಲಾರದೆ ಲಿಂಗಸುಗೂರಿನ ಉಚಿತ ಕಿವಿ ತಪಾಸಣಾ ಶಿಬಿರದಲ್ಲಿ ಮಾವನ ಹೆಸರು ಬರೆಸಿದರು. ಡಾಕ್ಟರು ಕಿವಿಗೆ ಯಂತ್ರ ಕೊಟ್ಟು ದಿನಾ ಹಾಕಿಕೊಳ್ಳಿ ಎಂದರು. ಆದೇಶವೆಂದರೆ ಆದೇಶ! ಮಾವ ಹಾಕಿಕೊಂಡರು. ಕಚೇರಿಯಲ್ಲಿ ಎಡಗಡೆಯ ಕುರ್ಚಿಗೆ ಪಾಳಿ ಹತ್ತಿತು.

ಮನೆಯಲ್ಲಿ ಮಾತ್ರ ಅತ್ತೆ ಮಾತು ಬಿಟ್ಟರು. ದಿನಾ ಸಂಜೆ ಕಟ್ಟೆಯ ಮೇಲೆ ಮಾವನ ಎಡಕ್ಕೆ ಕುಳಿತು, ಅಕ್ಕಿ ಹಸನು ಮಾಡುತ್ತ ಸಣ್ಣ ದನಿಯಲ್ಲಿ ಏನಾದರೂ ಹೇಳಿಕೊಳ್ಳುವುದು ಅವರ ರೂಢಿ. ಈಗ ನಾಲ್ಕು ದಿನದಿಂದ ಬರೀ ಮೊರದ ಸದ್ದು.

"ಯಾಕತ್ತಿ, ಸಿಟ್ಟು ಬಂದೈತೇನು?" ಎಂದು ಅಡುಗೆಮನೆಯಲ್ಲಿ ಕೇಳಿದೆ.

"ಸಿಟ್ಯಾಕಪ್ಪ? ಕೆಲವು ಮಾತು ಹೇಳಬೇಕು, ಅವರಿಗೆ ಕೇಳಿಸಬಾರದು. ಇಷ್ಟು ವರ್ಷ ಆ ಕಿವಿಗೆ ಹೇಳಿ ಹಗುರಾಗತಿದ್ದೆ. ಈಗ ಅದೂ ಹೋತು."

ನಾನು ಇದನ್ನು ಮಾವನಿಗೆ ಹೇಳಲಿಲ್ಲ. ಆದರೂ ಐದನೆಯ ಸಂಜೆ ಅವರು ಯಂತ್ರ ತೆಗೆದು ಡಬ್ಬಿಯಲ್ಲಿಟ್ಟರು. "ಗುಂಯ್ ಅಂತೈತಿ, ಒಲ್ಲೆ" ಎಂದು ಕಟ್ಟೆಗೆ ಬಂದು ಕುಳಿತರು. ನಾನು ಬಲಕ್ಕಿದ್ದೆ. ಅತ್ತೆ ಮೊರ ಹಿಡಿದು ಎಡಕ್ಕೆ ಕುಳಿತರು. ಸ್ವಲ್ಪ ಹೊತ್ತಿಗೆ ಸಣ್ಣ ದನಿ ಶುರುವಾಯಿತು.

"ಆ ಯುದ್ಧದ ವರ್ಷ ಎರಡು ತಿಂಗಳು ಪತ್ರ ಬರಲಿಲ್ಲ. ಪೋಸ್ಟಿನವ ಬಂದ್ರೂ ಅಂಜಿಕಿ, ಬರದಿದ್ರೂ ಅಂಜಿಕಿ. ಬಾಗಿಲ ಮುಂದ ಸೈಕಲ್ ನಿಂತ್ರ ಕೈಯಾಗಿನ ರೊಟ್ಟಿ ಬೀಳತಿತ್ತು. ಈಗೂ ಕನಸು ಬೀಳತೈತಿ ನನಗ..."

ನಾನು ಮಾವನ ಮುಖ ನೋಡಿದೆ. ಕಣ್ಣು ತುಂಬಿದ್ದವು. ಗದ್ದಲವಿಲ್ಲದ ಕಟ್ಟೆಯ ಮೇಲೆ, ಅಷ್ಟು ಹತ್ತಿರ ಕುಳಿತವರ ಮಾತಿಗೆ ಒಂದು ಬಲಗಿವಿ ಸಾಲದೆ? ಹಾಗಾದರೆ ಇಷ್ಟು ವರ್ಷವೂ? ಸಾಹುಕಾರರ ಪಿಸುಮಾತೂ?

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಅದೇ ಸಣ್ಣ ದನಿಯಲ್ಲಿ, "ಚಹಾ ಮಾಡ್ಲೇನ್ರೀ?" ಎಂದರು.

ಮಾವ ರಸ್ತೆಯನ್ನೇ ನೋಡುತ್ತ, ಏನೂ ಕೇಳಿಸದವರಂತೆ ಕುಳಿತೇ ಇದ್ದರು.