ದೊಡ್ಡಪ್ಪನ ಚಳಿ

ನಮ್ಮ ದೊಡ್ಡಪ್ಪನಷ್ಟು ಚಳಿಗೆ ಹೆದರುವ ಮನುಷ್ಯ ಸಕಲೇಶಪುರ, ಆಲೂರು ಎರಡೂ ತಾಲೂಕುಗಳಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಡೋಣ.

ದೀಪಾವಳಿ ಕಳೆದು ನಮ್ಮೂರು ಪಾಳ್ಯದ ಗದ್ದೆಗಳ ಮೇಲೆ ಮಂಜು ಕೂತಿತೆಂದರೆ ಅವರ ನಡುಕ ಶುರು. ಸ್ವೆಟರ್, ಅದರ ಮೇಲೆ ಕೋಟು, ಕೋಟಿನ ಮೇಲೆ ದೊಡ್ಡಮ್ಮನ ಶಾಲು, ಎಲ್ಲಕ್ಕೂ ಕಳಶವಿಟ್ಟಂತೆ ಮಂಗನ ಟೋಪಿ! ನೀರೊಲೆಯ ಮುಂದೆ ಕೂತರೆ ಏಳುವ ಮಾತಿಲ್ಲ. ಆ ಜಾಗ ತನ್ನದೆಂದು ನಂಬಿದ್ದ ಬೆಕ್ಕು ಎರಡು ದಿನ ಕಾದು, ಪಕ್ಕದ ಮನೆ ಸೇರಿತು.

“ನಂಗಾಗಲ್ಲ ಕಣೇ. ಘಟ್ಟದ ಕೆಳಗೆ ಹೋಗನ ನಡಿ.”

“ಕಾಫಿ ಹಣ್ಣು ಕುಯ್ಯೋ ಕಾಲ್ದಲ್ಲಿ ತೋಟ ಬುಟ್ಟು ಯಾರಾದ್ರೂ ಹೋಗ್ತಾರಾ? ನೀವೊಬ್ರೇ ಹೋಗಿ,” ಎನ್ನುತ್ತಾರೆ ದೊಡ್ಡಮ್ಮ.

“ಒಬ್ನೇ ಹೋದ್ರೆ ಗಂಜಿ ಯಾರು ಕಾಯ್ಸಿ ಕೊಡ್ತಾರೆ? ಸತ್ತೋದ್ರೆ ನಿಂಗೇ ಕೆಟ್ಟ ಹೆಸ್ರು.”

ದೊಡ್ಡಮ್ಮನಿಗೆ ಉಬ್ಬಸ. ಚಳಿಗಾಲದಲ್ಲಿ ಗೋಡೆಗೊರಗಿ ಕೂತೇ ನಿದ್ದೆ ಮಾಡುವವರು, ಬೆಳಗಾದರೆ ಕಾಫಿ ಒಣಗಿಸುವ ಕಣದಲ್ಲಿ ಎಲ್ಲರಿಗಿಂತ ಮುಂದೆ. ಅಂಥವರು ಗಂಡನ ನಡುಕಕ್ಕೆ ಸೋತು, ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಸ್ಟೋರಿನ ಬೀಗದ ಕೈ ಕೊಟ್ಟು, ಮೂರು ತಿಂಗಳು ಪುತ್ತೂರಿನ ಬಾಡಿಗೆ ಮನೆಯಲ್ಲಿ ಗಂಜಿ ಕಾಯಿಸಬೇಕು. ಇದು ಯಾವ ನ್ಯಾಯ?

ಹೋದ ವರ್ಷ ಅವರನ್ನು ರೈಲಿನಲ್ಲಿ ಬಿಟ್ಟುಬರಲು ನಾನೂ ಹೊರಟಿದ್ದೆ. ದೋಣಿಗಲ್ ಸ್ಟೇಷನ್ ಬರುವ ಮೊದಲೇ ದೊಡ್ಡಪ್ಪ ಎದ್ದು ಎದುರಿನವರ ಕಿಟಕಿಯನ್ನೂ ಮುಚ್ಚಿದರು. ಘಟ್ಟ ನೋಡಲೆಂದೇ ಬಂದಿದ್ದ ಹುಡುಗಿಯರು ಜಗಳಕ್ಕೆ ನಿಂತರು.

“ಎಡಕುಮೇರಿ ದಾಟ್ಲಿ ಕಣವ್ವ, ನಾನೇ ತೆಗ್ದುಕೊಡ್ತೀನಿ. ಅಲ್ಲೀತಂಕ ನನ್ ಮುಖ ನೋಡ್ತಿರಿ.”

ಆ ಮುಖವೂ ಟೋಪಿಯೊಳಗಿತ್ತು; ದರ್ಶನಕ್ಕೆ ಸಿಗುತ್ತಿದ್ದದ್ದು ಮೂಗು ಮಾತ್ರ.

ಹೆಣ್ಣಿನ ದುಡಿಮೆಯ ಕುರಿತು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದವಳು ನಾನು. ಊರಿನ ದೊಡ್ಡವರನ್ನೆಲ್ಲ ಪ್ರಶ್ನಿಸಿ, ಮನೆಯ ದೊಡ್ಡಪ್ಪನನ್ನು ಬಿಡುವುದುಂಟೇ? ಈ ಜನವರಿಯಲ್ಲಿ, ಹೇಳದೆ ಕೇಳದೆ, ಪುತ್ತೂರಿಗೆ ಹೋದೆ.

ಮಧ್ಯಾಹ್ನದ ಉರಿಬಿಸಿಲು. ದೊಡ್ಡಪ್ಪ ಬರಿಮೈಯಲ್ಲಿ ಜಗಲಿಯ ಮೇಲೆ ಕೂತು, ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ, ಗಂಜಿಗೆ ಅಕ್ಕಿ ಆರಿಸುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ತುಟಿಗಿಟ್ಟರು.

“ಮೆಲ್ಲಗೆ ಮಾತಾಡು. ಮಲಗವ್ಳೆ.”

ಒಳಗೆ ಇಣುಕಿದೆ. ದೊಡ್ಡಮ್ಮ ಚಾಪೆಯ ಮೇಲೆ ಪೂರಾ ಬೆನ್ನು ಚಾಚಿ ಮಲಗಿದ್ದರು. ಉಬ್ಬಸದ ಸದ್ದೇ ಇರಲಿಲ್ಲ. ಎದೆ ಸಲೀಸಾಗಿ ಏರಿ ಇಳಿಯುತ್ತಿತ್ತು.

“ನಿಮ್ಮ ಚಳಿ ಎಲ್ಲಿ ಹೋಯಿತು ದೊಡ್ಡಪ್ಪ?”

“ನಂಗೆಲ್ಲಿಯ ಚಳಿ ಮಾರಾಯ್ತಿ. ಮಂಜು ಬೀಳೋ ಕಾಲ್ದಲ್ಲಿ ಇವ್ಳನ್ನ ಘಟ್ಟದ ಕೆಳಗೆ ಇಟ್ಕಳಿ ಅಂತ ಡಾಕ್ಟ್ರು ಹೇಳವ್ರೆ. ತನಗೋಸ್ಕರ ಹೊಸ್ಲು ದಾಟ್ತಾಳಾ ಇವ್ಳು? ನಂಗೋಸ್ಕರ ಅಂದ್ರೆ ಬರ್ತಾಳೆ.” ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆಸೆದರು. “ನಡುಗಿ ನಡುಗಿ ಸಾಕಾಗ್ಬುಟ್ಟೈತೆ.”

ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಂಡು ಬಂದಿದ್ದ ನಾನು ಅವರ ಪಕ್ಕ ಕೂತು ಅಕ್ಕಿಯ ಕಲ್ಲು ಹೆಕ್ಕತೊಡಗಿದೆ.

ಅಷ್ಟರಲ್ಲಿ ದೊಡ್ಡಮ್ಮ ಎದ್ದರು. ನನ್ನನ್ನು ಕಂಡು ಮುಖ ಅರಳಿತು.

“ಊರಿಂದ ಬಂದ್ಯಾ ಮಗಾ? ಮಂಜು ಹೆಂಗೈತೆ? ಕಮ್ಮಿ ಆಗಿದ್ರೆ ನಾಳೆನೇ ಹೊರಡನ. ಕಣದಲ್ಲಿ ಹಣ್ಣು ಹಂಗೇ ಬಿದ್ದೈತೆ.”

ದೊಡ್ಡಪ್ಪ ತಲೆ ಎತ್ತಲಿಲ್ಲ. ಅಕ್ಕಿ ಆರಿಸುತ್ತಿದ್ದ ಬೆರಳು ಮಾತ್ರ ನಿಂತಿತು.

“ಈ ವರ್ಷ ಸಿಕ್ಕಾಪಟ್ಟೆ ಮಂಜು ದೊಡ್ಡಮ್ಮ,” ಎಂದೆ. “ದೊಡ್ಡಪ್ಪನ ಕೈಲಿ ಆಗೋದಿಲ್ಲ. ಶಿವರಾತ್ರಿ ಕಳೀಲಿ.”