ಪುಸ್ತಕದ ಜೊತೆ ಒಂದು ಕಪ್ ವಿಷ

ಕೊಲೆ ಕಾದಂಬರಿ ಮಾರುವ ಕೆಲಸದಲ್ಲಿ ಆಗಾಗ ಯಾರಾದರೊಬ್ಬರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಈಗ ಅಭ್ಯಾಸವಾಗಿದೆ.

ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಲ್ಯಾಬ್ ಕೆಲಸ ಸಿಗುವವರೆಗೆ ಎಂದು ಮುಂಬಯಿಯ ವಡಾಲದಲ್ಲಿರುವ ಒಂದು ಸಣ್ಣ ಕನ್ನಡ ಪ್ರಕಾಶನಕ್ಕೆ ಸೇರಿದೆ. ಪ್ರಚಾರ ವಿಭಾಗ ಎಂದರೆ ನಾನೊಬ್ಬಳೇ. ನಮ್ಮಲ್ಲೊಂದು ಜನಪ್ರಿಯ ಕೊಲೆ ಕಾದಂಬರಿ ಇದೆ. ಜನಪ್ರಿಯ ಎಂದರೆ, ಒಂದು ಪ್ರತಿಯನ್ನು ಇಡೀ ಬಿಲ್ಡಿಂಗ್ ಓದುತ್ತದೆ. ಉಳಿದ ಪ್ರತಿಗಳು ದಹಿಸರ್‌ನ ಗೋಡೌನಿನಲ್ಲಿರುತ್ತವೆ.

ಲೇಖಕರು ಬಹುಕಾಲ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತು ನಿವೃತ್ತರಾದವರು. ಎರಡನೆಯ ಭಾಗವನ್ನೂ ಬರೆದು ನಮ್ಮ ಮೇಜಿನ ಮೇಲೆ ತಂದಿಟ್ಟಿದ್ದರು. ಪ್ರಕಾಶಕರದು ಒಂದೇ ಮಾತು: "ಗೋಡೌನ್ ಖಾಲಿಯಾಗ್ಲಿ, ಮರುದಿನವೇ ಪ್ರಿಂಟಿಗೆ. ಇಲ್ಲಾಂದ್ರೆ ಇಲ್ಲ."

ಲೇಖಕರು ನನ್ನ ಕಡೆ ತಿರುಗಿದರು. "ನಾನು ಕಣ್ಣು ಮುಚ್ಚುವ ಮೊದ್ಲು ಅದೊಂದು ಪುಸ್ತಕ ಆಗ್ಬೇಕು ಮಾರಾಯ್ತಿ. ಎಂತಾದ್ರೂ ಮಾಡು."

ಮಾಡಿದೆ.

ಕಪ್

ಕಾದಂಬರಿಯಲ್ಲಿ ಕೊಲೆಯಾಗುವುದು ಫಿಲ್ಟರ್ ಕಾಫಿಯಿಂದ. ಹಾಗಾಗಿ ಕಪ್ ಮಾಡಿಸಿದೆವು. ಹೊರಗೆ ಪುಸ್ತಕದ ಹೆಸರು. ಒಳಗೆ ತಳದಲ್ಲಿ, ಕುಡಿದು ಮುಗಿಸಿದವರಿಗೆ ಮಾತ್ರ ಕಾಣುವಂತೆ, 'ಇದರಲ್ಲಿ ವಿಷ ಇತ್ತು.' ಇಂಥ ಐಡಿಯಾ ತಮಗೆ ಜೀವಮಾನದಲ್ಲಿ ಬಂದಿರಲಿಲ್ಲ ಎಂದರು ಪ್ರಕಾಶಕರು.

ಕುರ್ಲಾ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಕೊಟ್ಟೆವು. ಅಲ್ಲಿಯ ಮ್ಯಾನೇಜರ್ ನಮ್ಮ ಲೇಖಕರ ಹಳೆಯ ಸಹೋದ್ಯೋಗಿ. ಪುಸ್ತಕ ಓದಿರಲಿಲ್ಲ. ಕಪ್ ಪುಕ್ಕಟೆ ಎಂದು ಇಟ್ಟುಕೊಂಡರು.

ಅಲ್ಲಿ ಬರುವ ಗಿರಾಕಿಗಳಲ್ಲಿ ಕನ್ನಡ ಓದಬಲ್ಲವರು ಕಡಿಮೆ ಎಂದು ನಮಗೆ ಹೊಳೆದಿರಲಿಲ್ಲ. ಕಾಫಿ ಮುಗಿಸಿದವರೊಬ್ಬರು ಕಪ್ ತೋರಿಸಿ ವೇಟರನ್ನು ಕೇಳಿದರು, "ಯೇ ಕ್ಯಾ ಲಿಖಾ ಹೈ?"

ವೇಟರ್ ವಿಜಯಪುರದ ಕಡೆಯವನು. ಪ್ರಾಮಾಣಿಕ. ಓದಿ ಹೇಳಿದ, "ಸಾಬ್, ಇಸ್ ಮೇಂ ಜಹರ್ ಥಾ."

ಸಂಜೆ ನಾನು ಹೋಗುವಷ್ಟರಲ್ಲಿ ಕಪ್ಪುಗಳೆಲ್ಲ ರಟ್ಟಿನ ಪೆಟ್ಟಿಗೆಗೆ ಸೇರಿದ್ದವು. ಒಂದು ಮಾತ್ರ ಮೇಜಿನ ಮೇಲಿತ್ತು. ಕನ್ನಡ ಬಲ್ಲ ಹಿರಿಯರೊಬ್ಬರು ಅದರ ತಳವನ್ನು ನಿಧಾನವಾಗಿ ಓದುತ್ತಿದ್ದರು. ನಾನು ಆಸೆಯಿಂದ ಕೇಳಿದೆ, "ಹೇಗಿದೆ ಸರ್?"

"ವಿಷದ್ದು ಗೊತ್ತಿಲ್ಲಮ್ಮ. ಸಕ್ಕರೆ ಮಾತ್ರ ಇರ್ಲಿಲ್ಲ."

ಶವ

ಮುಂದಿನ ಪ್ರಯತ್ನ ಒಂದು ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ. ಶವ ಬಿದ್ದ ಜಾಗದಲ್ಲಿ ಪೊಲೀಸರು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರಲ್ಲ, ಅಂಥದ್ದನ್ನು ನಮ್ಮ ಸ್ಟಾಲಿನ ಮುಂದೆ ಬರೆಯುವುದೆಂದು ತೀರ್ಮಾನವಾಯಿತು. ಅಂದಾಜಿನಲ್ಲಿ ಬರೆಯುವುದು ನನಗೆ ಹಿಡಿಸುವುದಿಲ್ಲ. ನಮ್ಮ ಆಫೀಸಿನ ಪ್ಯೂನ್ ಕಾಕಾರನ್ನು ನೆಲದ ಮೇಲೆ ಮಲಗಿಸಿ, ಸುತ್ತ ಗೆರೆ ಎಳೆದು, ಇಬ್ಬರೂ ಚಹಾಕ್ಕೆ ಹೋದೆವು.

ಬಂದು ನೋಡಿದರೆ ಶವಕ್ಕೆ ಅರಿಶಿನ ಬಣ್ಣ ತುಂಬಿದ್ದರು. ಎದೆಯ ಮೇಲೆ ಚೆಂಡು ಹೂ, ತಲೆಯ ಹತ್ತಿರ ದೀಪ. ಅಂದು ಅಲ್ಲೇ ರಂಗೋಲಿ ಸ್ಪರ್ಧೆ ಇತ್ತಂತೆ. ಯಾರೋ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ, ಪಾಪ, ಎಂದು ಸಂಘದ ಹೆಂಗಸರು ಸೇರಿ ಪೂರ್ತಿ ಮಾಡಿಕೊಟ್ಟಿದ್ದರು.

ಶವಕ್ಕೆ ಮೂರನೆಯ ಬಹುಮಾನ ಬಂತು. ತೀರ್ಪುಗಾರ್ತಿ ನನ್ನನ್ನು ಪಕ್ಕಕ್ಕೆ ಕರೆದು, "ಎಡಗೈ ಸ್ವಲ್ಪ ಸೊಟ್ಟ ಆಯ್ತು ನೋಡಿ. ಇಲ್ದಿದ್ರೆ ಫಸ್ಟ್ ನಿಮ್ಗೇ," ಎಂದರು.

ಪುಸ್ತಕ ಒಂದೂ ಹೋಗಲಿಲ್ಲ. ಬಹುಮಾನದ ಸ್ಟೀಲ್ ಡಬ್ಬಿಗಳನ್ನು ಆಫೀಸಿಗೆ ಒಯ್ಯೋಣವೆಂದು ಕೈ ಹಾಕಿದೆ. ಕಾಕಾ ಅದಾಗಲೇ ತಮ್ಮ ಚೀಲಕ್ಕೆ ತುಂಬಿಕೊಂಡಿದ್ದರು.

"ಮಲಗಿದ್ದು ಯಾರು?" ಎಂದರು.

ದೋಸೆ

ಲೇಖಕರ ಮುಖ ಸಣ್ಣದಾಗಿತ್ತು. ಅವರೇ ಕುರ್ಲಾದ ಮ್ಯಾನೇಜರಿಗೆ ಫೋನ್ ಮಾಡಿ ಕೈಮುಗಿದಂತೆ ಬೇಡಿಕೊಂಡರು. ಮಸಾಲೆ ದೋಸೆ ತಿಂದವರಿಗೆ ಅರ್ಧ ಬೆಲೆಗೆ ಪುಸ್ತಕ ಎಂದಾಯಿತು. ಗಲ್ಲೆಯ ಮೇಲೆ, ಬಡೇಸೋಂಪಿನ ಬಟ್ಟಲಿನ ಪಕ್ಕ, ಪುಸ್ತಕಗಳನ್ನು ಜೋಡಿಸಿ ಬಂದೆ. ಕನ್ನಡದ ಗಿರಾಕಿಗಳಲ್ಲಿ ಕೆಲವರು ಕೊಂಡರು.

ಅದೇ ವಿಜಯಪುರದ ವೇಟರ್ ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕ ಓದಿ ಮುಗಿಸಿದ. ಅಂದಿನಿಂದ ಹೋಟೆಲಿನಲ್ಲಿ ಹೊಸ ಪದ್ಧತಿ ಶುರುವಾಯಿತು. ಪುಸ್ತಕ ಕೊಂಡು ಟಿಪ್ಸ್ ಇಡದೆ ಏಳುವವರ ಕಿವಿಯ ಹತ್ತಿರ ಅವನು ಮೆಲ್ಲಗೆ ಬಾಗುತ್ತಿದ್ದ.

"ಸಾಹೇಬ್ರ, ಖೂನಿ ಮಾಡಿದಾಂವ ಮ್ಯಾನೇಜರ್. ಸುಮ್ನ ಓದಿ ಕಣ್ಣಿಗೆ ತ್ರಾಸ ಯಾಕ?"

ಸುದ್ದಿ ಹರಡಿತು. ಖಾಯಂ ಗಿರಾಕಿಗಳು ಗಲ್ಲೆಯ ಕಡೆ ಬೇರೆ ರೀತಿ ನೋಡತೊಡಗಿದರು. ಒಬ್ಬರಂತೂ ಕಾಫಿ ಹಿಡಿದು ನೇರ ಗಲ್ಲೆಗೇ ಬಂದರು. "ಮ್ಯಾನೇಜರ್ರೇ, ಮೊದಲು ಒಂದು ಗುಟುಕು ನೀವು ಕುಡೀರಿ."

ಆಗ ಮ್ಯಾನೇಜರ್ ಮೊದಲ ಬಾರಿಗೆ ಪುಸ್ತಕ ತೆರೆದರು. ಅದರಲ್ಲಿದ್ದ ಕೊಲೆಗಾರ ಗಲ್ಲೆಯಲ್ಲಿ ಕೂತು ಬಡೇಸೋಂಪು ಜಗಿಯುತ್ತಾನೆ. ಪ್ರತಿ ನೋಟನ್ನೂ ಲೈಟಿಗೆ ಹಿಡಿದು ನೋಡುತ್ತಾನೆ. ಮ್ಯಾನೇಜರ್ ಬಾಯಲ್ಲಿದ್ದ ಸೋಂಪು ಉಗಿದು, ಕೈಯಲ್ಲಿದ್ದ ನೋಟು ಕೆಳಗಿಟ್ಟು, ನಮಗೆ ಫೋನ್ ಮಾಡಿದರು.

"ಗೋಡೌನಲ್ಲಿ ಎಷ್ಟು ಉಂಟೋ ಎಲ್ಲಾ ನಾನೇ ತಗೊಳ್ತೇನೆ. ಒಂದೂ ಹೊರಗೆ ಹೋಗ್ಬಾರ್ದು. ಮತ್ತೆ, ಎರಡನೇ ಭಾಗದಲ್ಲಿ ಮ್ಯಾನೇಜರ್ ನಿರಪರಾಧಿ ಆಗ್ಬೇಕು."

ದಹಿಸರ್‌ನಿಂದ ಟೆಂಪೋ ಹೊರಟಿತು. ಪ್ರಕಾಶಕರು "ಪ್ರಚಾರ ಅಂದ್ರೆ ಇದು!" ಎಂದು ನನ್ನ ಬೆನ್ನು ತಟ್ಟಿದರು. ಲೇಖಕರ ಕಣ್ಣು ಒದ್ದೆಯಾಯಿತು. ಬರೆದಿಟ್ಟ ಎರಡನೆಯ ಭಾಗವನ್ನು ತಿದ್ದಲು ಒಂದೇ ತೊಡಕು ಉಳಿದಿತ್ತು. ಮ್ಯಾನೇಜರ್ ಅಲ್ಲವಾದರೆ ಕೊಲೆ ಮಾಡಿದವರು ಯಾರು?

"ಹೋಟೆಲಿನ ಧಣಿ?" ಎಂದರು ಲೇಖಕರು.

"ಬೇಡ. ನಮ್ಮ ಕಾರ್ಯಕ್ರಮಕ್ಕೆಲ್ಲ ಅವರದ್ದೇ ಊಟ," ಎಂದರು ಪ್ರಕಾಶಕರು.

"ವೇಟರ್?"

"ಪುಸ್ತಕ ಬರುವ ಮೊದ್ಲೇ ಅವನು ಊರಿಗೆಲ್ಲ ಹೇಳ್ತಾನೆ."

"ಗಿರಾಕಿ?"

"ಕೊಳ್ಳುವವನೇ ಅವನಲ್ವಾ?"

ಲೇಖಕರು ನನ್ನ ಕಡೆ ನೋಡಿದರು.

"ನೀನು ಕಲಿತದ್ದು ಕೆಮಿಸ್ಟ್ರಿ ಅಲ್ವಾ?"

"ಹೌದು ಸರ್."

"ಪುಸ್ತಕ ಕೊಂಡು ಓದ್ತೀಯಾ?"

"ಇಲ್ಲ ಸರ್. ಸ್ಟಾಫಿಗೆ ಫ್ರೀ."

ಲೇಖಕರು ಪೆನ್ನಿನ ಕ್ಯಾಪ್ ತೆಗೆದರು.